ಹೆರಿಗೆಗೆ ಯಾವಾಗ ಹೊರಡಬೇಕು? ಘಾಟಿಯನ್ನು ಕೇಳಿ

ಮೆಟ್ಟುಪಾಳ್ಯಂ ಮಂಡಿಗೆ ಕ್ಯಾರೆಟ್ ಲೋಡು ಎಷ್ಟು ಗಂಟೆಗೆ ಮುಟ್ಟಬೇಕು ಎಂದು ಕೂನೂರು, ಕೇತ್ತಿ, ಕೋತಗಿರಿ ಕಡೆಯ ಯಾವ ರೈತನನ್ನು ಕೇಳಿದರೂ ಥಟ್ಟನೆ ಹೇಳುತ್ತಾನೆ. ಆ ಗಂಟೆಯಿಂದ ಹಿಂದಕ್ಕೆ ಎಣಿಸಿಕೊಂಡು ಬರುತ್ತಾನೆ. ಘಾಟಿ ಇಳಿಯಲು ಇಷ್ಟು, ಮಂಜು ಇದ್ದರೆ ಇನ್ನಿಷ್ಟು, ತೊಳೆದು ಮೂಟೆ ಕಟ್ಟಲು ಇಷ್ಟು, ಆದ್ದರಿಂದ ಕೀಳಲು ಆಳುಗಳು ಇಷ್ಟು ಹೊತ್ತಿಗೆ ಹೊಲದಲ್ಲಿರಬೇಕು. ಚಹಾ ಎಲೆಯದ್ದೂ ಅದೇ ಲೆಕ್ಕ. ಕೊಯ್ದ ಎಲೆ ಅಂದೇ ಫ್ಯಾಕ್ಟರಿ ಸೇರದಿದ್ದರೆ ಅದು ಎಲೆಯಲ್ಲ, ಗೊಬ್ಬರ. ಇಷ್ಟೆಲ್ಲ ಲೆಕ್ಕ ಬಲ್ಲ ನಮ್ಮ ಜನ, ಮನೆಯ ಸೊಸೆಗೆ ಬೇನೆ ಶುರುವಾದ ದಿನ ಮಾತ್ರ ಲೆಕ್ಕವನ್ನೇ ಮರೆತುಬಿಡುತ್ತಾರೆ. "ಇರ್ಲಿ ಬಿಡಿ, ಮೊದಲನೇದು, ಇನ್ನೂ ಟೈಮಿದೆ" ಎಂದು ಒಬ್ಬರು. "ಬೆಳಗಾಗ್ಲಿ, ನೋಡೋಣ" ಎಂದು ಇನ್ನೊಬ್ಬರು. ಬೆಳಗಾಗುವುದರೊಳಗೆ ಜೀಪು ಹುಡುಕುವ ಓಡಾಟ.

ನಾನು ಡಾಕ್ಟರಲ್ಲ, ತರಕಾರಿ ವ್ಯಾಪಾರದವನು. ಆದರೆ ಈ ಬೆಟ್ಟದ ರಸ್ತೆ ಗೊತ್ತು. ಈ ವಿಷಯದಲ್ಲಿ ಅರ್ಧ ಪಾಲು ವೈದ್ಯಕೀಯ, ಉಳಿದರ್ಧ ರಸ್ತೆಯೇ ಎಂಬುದು ನನ್ನ ಅಭಿಪ್ರಾಯ.

ಅಂಕಿ ಅಂಶ ನೋಡಿದರೆ ಚಿಂತೆಯೇ ಬೇಡ ಅನ್ನಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 99.6, ಕರ್ನಾಟಕದಲ್ಲಿ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಸಂತೋಷ. ಪಾವಗಡದ ಸೂಲಗಿತ್ತಿ ನರಸಮ್ಮನವರಂಥ ತಾಯಿ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಆ ಕಾಲ ಮುಗಿಯಿತು. ಊರಲ್ಲೀಗ ಅಂಥ ಕೈ ಇಲ್ಲ, ಇರುವುದು ಆಸ್ಪತ್ರೆ ಮಾತ್ರ. ಆದರೆ 99.6 ಎಂಬ ಅಂಕಿ, ಹೆಂಗಸು ಆಸ್ಪತ್ರೆಯಲ್ಲಿ ಹೆತ್ತಳು ಎಂದಷ್ಟೇ ಹೇಳುತ್ತದೆ. ಯಾವ ಸ್ಥಿತಿಯಲ್ಲಿ ಬಂದು ತಲುಪಿದಳು, ಬಾಗಿಲಲ್ಲಿ ಇಳಿದ ಹತ್ತು ನಿಮಿಷಕ್ಕೆ ಹೆತ್ತಳೋ, ಹತ್ತು ಗಂಟೆ ಮುಂಚೆ ಬಂದು ಹಾಸಿಗೆ ಹಿಡಿದಳೋ ಎಂಬುದು ಆ ಅಂಕಿಯಲ್ಲಿಲ್ಲ. 1994ರಲ್ಲಿ ಥ್ಯಾಡಿಯಸ್ ಮತ್ತು ಮೈನ್ ಎಂಬ ಇಬ್ಬರು ಸಂಶೋಧಕರು, ಬಾಣಂತಿಯರ ಸಾವಿಗೆ ಮೂರು ತಡಗಳು ಕಾರಣ ಎಂದು ಬರೆದರು. ಹೊರಡುವ ತೀರ್ಮಾನದ ತಡ, ದಾರಿಯ ತಡ, ಆಸ್ಪತ್ರೆಯೊಳಗಿನ ತಡ. ಮೊದಲನೆಯದು ನಮ್ಮ ಮನೆ ಜಗಲಿಯ ಮೇಲೆ ಆಗುವ ತಡ. ಅದಕ್ಕೆ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ.

ಪಟ್ಟಣದ ಡಾಕ್ಟರುಗಳು ಹೇಳುವ ಸೂತ್ರವೊಂದಿದೆ. ಚೊಚ್ಚಲ ಹೆರಿಗೆಯಾದರೆ, ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ ನಿಲ್ಲುವಂಥದ್ದು, ಹೀಗೇ ಒಂದು ಗಂಟೆ ಕಾಲ ಬಂದರೆ ಹೊರಡಿ ಎಂದು. ತಪ್ಪಲ್ಲ. ಆದರೆ ಇದು ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ ಇರುವವರ ಸೂತ್ರ. ಎಸ್ಟೇಟ್ ಲೈನ್ ಮನೆಯಿಂದ ಮಣ್ಣುದಾರಿಯಲ್ಲಿ ಇಳಿದು ಟಾರು ರಸ್ತೆ ಸೇರಬೇಕು, ಅಲ್ಲಿ ಗಾಡಿಗೆ ಕಾಯಬೇಕು, ಆಮೇಲೆ ಕೂನೂರಿನ ಲಾಲಿ ಆಸ್ಪತ್ರೆ. (ಬ್ರಿಟಿಷರ ಕಾಲದ ಹೆಸರು ನಮ್ಮ ಬಾಯಲ್ಲಿ ಲಾಲಿಯಾಗಿ ನಿಂತಿದೆ. ಹೆರಿಗೆ ಆಸ್ಪತ್ರೆಗೆ ಇದಕ್ಕಿಂತ ಒಳ್ಳೆ ಹೆಸರು ಯಾರಿಗೂ ಹೊಳೆಯುತ್ತಿರಲಿಲ್ಲ.) ಅಲ್ಲಿಂದ ಮುಂದಕ್ಕೆ ಕಳಿಸಿದರೆ ಊಟಿಗೆ ಮತ್ತೆ ಹದಿನೆಂಟು ಇಪ್ಪತ್ತು ಕಿಲೋಮೀಟರ್. ಊಟಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, 700 ಹಾಸಿಗೆಯದ್ದು, 2025ರ ಏಪ್ರಿಲ್‌ನಲ್ಲಿ ತೆರೆಯಿತು. ಅದಕ್ಕೆ ಮುಂಚೆ ಕಷ್ಟದ ಕೇಸು ಎಂದರೆ ಘಾಟಿ ಇಳಿದು ಕೊಯಮತ್ತೂರು ಎಂಬಂತಿತ್ತು. ಈಗ ದಾರಿ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಗೂಡಲೂರಿನವರಿಗೆ ಊಟಿ ಎಂದರೆ ಇಂದಿಗೂ ಐವತ್ತು ಕಿಲೋಮೀಟರ್ ಬೆಟ್ಟದ ರಸ್ತೆ. ಮಸಿನಗುಡಿಯವರು ಕಲ್ಲಟ್ಟಿಯ ಮೂವತ್ತಾರು ತಿರುವು ಹತ್ತಬೇಕು. 2009ರ ನವೆಂಬರ್ ಮಳೆಯಲ್ಲಿ ಗುಡ್ಡ ಜರಿದು ಕೂನೂರು, ಕೇತ್ತಿ ಸುತ್ತ ರಸ್ತೆಗಳೇ ಕಡಿದುಹೋದದ್ದನ್ನು ಯಾರೂ ಮರೆತಿಲ್ಲ.

ಆದ್ದರಿಂದ ನಮ್ಮ ಸೂತ್ರ ಬೇರೆಯೇ ಆಗಬೇಕು. ಆಸ್ಪತ್ರೆ ಒಂದು ಗಂಟೆಗಿಂತ ದೂರವಿದ್ದರೆ ಚೊಚ್ಚಲಿಗೂ ಐದು ನಿಮಿಷದ ನೋವಿಗೆ ಕಾಯುವುದು ಬೇಡ. ನೋವು ಕ್ರಮವಾಗಿ ಹತ್ತು ನಿಮಿಷಕ್ಕೊಂದು ಬರತೊಡಗಿದರೆ ಗಾಡಿ ಹತ್ತುವುದೇ ಸರಿ. ಎರಡನೆಯದು, ಮೂರನೆಯದು ಆದರೆ ನೋವು ಕ್ರಮ ಹಿಡಿದ ಕೂಡಲೇ ಹೊರಡಬೇಕು, ಮೊದಲನೆಯದಕ್ಕೆ ಹದಿನಾಲ್ಕು ಗಂಟೆ ತೆಗೆದುಕೊಂಡವಳು ಎರಡನೆಯದನ್ನು ಮೂರು ನಾಲ್ಕು ಗಂಟೆಯಲ್ಲಿ ಹೆರುವುದುಂಟು. ಸುಳ್ಳುನೋವೋ ನಿಜನೋವೋ ಎಂಬ ಜಿಜ್ಞಾಸೆ ಎಲ್ಲ ಮನೆಯಲ್ಲೂ ನಡೆಯುತ್ತದೆ. ಸುಳ್ಳುನೋವು ಎದ್ದು ಓಡಾಡಿದರೆ, ನೀರು ಕುಡಿದು ಮಗ್ಗುಲಾದರೆ ಇಳಿಯುತ್ತದೆ, ಒಮ್ಮೆ ಬಂದದ್ದು ಮತ್ತೆ ಯಾವಾಗಲೋ ಬರುತ್ತದೆ. ನಿಜನೋವು ಸಾಮಾನ್ಯವಾಗಿ ಸೊಂಟದಿಂದ ಮುಂದಕ್ಕೆ ಸುತ್ತಿ ಬರುತ್ತದೆ. ಏನು ಮಾಡಿದರೂ ಇಳಿಯುವುದಿಲ್ಲ, ಬರಬರುತ್ತ ಹತ್ತಿರವಾಗುತ್ತದೆ, ಬಿಗಿಯಾಗುತ್ತದೆ. ಗೋಡೆ ಗಡಿಯಾರ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಸಾಲದ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟ?

ನೋವಿಗೇ ಕಾಯದೆ ಹೊರಡಬೇಕಾದ ಸಂದರ್ಭಗಳೂ ಇವೆ. ಇಲ್ಲಿ ಅತ್ತೆಯ ಅನುಭವ, ಗಂಡನ ಧೈರ್ಯ ಯಾವುದೂ ನಡೆಯುವುದಿಲ್ಲ. ನೀರು ಒಡೆದರೆ ಹೊರಡಬೇಕು, ನೋವಿಲ್ಲದಿದ್ದರೂ. ಆ ನೀರು ಹಸಿರಾಗಿದ್ದರೆ, ಕಂದು ಬಣ್ಣಕ್ಕಿದ್ದರೆ, ಮಗು ಒಳಗೇ ಮಲ ಹಾಕಿದೆ ಎಂದರ್ಥ, ಆಗ ಸೀರೆ ಬದಲಿಸಲೂ ನಿಲ್ಲಬಾರದು. ಲೋಳೆಯ ಜೊತೆ ಒಂದಿಷ್ಟು ನೆತ್ತರ ಗೆರೆ ಕಂಡರೆ ಅದು ಹೆರಿಗೆಯ ಗುರುತು, ಭಯವಿಲ್ಲ. ಆದರೆ ಮುಟ್ಟಿನ ಹಾಗೆ ನೆತ್ತರು ಹರಿದರೆ ಅದು ಬೇರೆ ಮಾತು. ಮಗು ಎಂದಿನಂತೆ ಮಿಸುಕಾಡುತ್ತಿಲ್ಲ ಎಂದು ತಾಯಿ ಹೇಳಿದರೆ ಆ ಮಾತನ್ನು ನಂಬಿ, "ನಾಳೆ ನೋಡೋಣ" ಅನ್ನಬೇಡಿ. ತಲೆ ಸಿಡಿತ, ಕಣ್ಣು ಮಂಜು, ಮುಖ ಕೈ ಊತ ಇವೆಲ್ಲ ರಕ್ತದೊತ್ತಡದ ಲಕ್ಷಣ. ಮುಂದೆ ಫಿಟ್ಸ್ ಬರಬಹುದು, ಅದನ್ನು ದೆವ್ವ ಎಂದು ನಿಂಬೆಹಣ್ಣು ಮಂತ್ರಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಜ್ವರ ಬಂದರೂ, ಮೂವತ್ತೇಳು ವಾರಕ್ಕೆ ಮುಂಚೆಯೇ ನೋವು ಬಂದರೂ ಅಷ್ಟೆ. ಹಿಂದೆ ಆಪರೇಷನ್ ಆದವರು, ಅವಳಿ ಇರುವವರು, ಮಗು ಅಡ್ಡ ಇದೆ ಎಂದು ಸ್ಕ್ಯಾನಿಂಗಿನಲ್ಲಿ ತಿಳಿದವರು ದಿನ ತುಂಬುವ ಮೊದಲೇ ಬೆಟ್ಟದ ಮನೆ ಬಿಟ್ಟು ಆಸ್ಪತ್ರೆಯ ಹತ್ತಿರ ಬಂದು ಇರಬೇಕು. ಮನೆಯಲ್ಲೇ ನೋವು ಹೆಚ್ಚಿಸುವ ಇಂಜೆಕ್ಷನ್ ಹಾಕಿಸುವುದಂತೂ ಬೇಡವೇ ಬೇಡ.

ಫೋನು ಮಾಡುವಾಗ ಭಾಷೆಯ ತೊಡಕೂ ಒಂದುಂಟು. ನಮ್ಮ ಹೆಂಗಸರು "ನೀರು ಹೋಯ್ತು" ಅನ್ನುತ್ತಾರೆ, ಅತ್ತ ಕಡೆಯ ನರ್ಸಮ್ಮ ಅದನ್ನು ಮೂತ್ರ ಎಂದುಕೊಂಡರೆ ತಪ್ಪು ಯಾರದ್ದು? ತಮಿಳಿನಲ್ಲಿ "ಪನಿಕ್ಕುಡಂ ಉಡಂಜಿರುಚ್ಚು" ಎಂದರೆ ಒಂದೇ ಮಾತಿಗೆ ತಿಳಿಯುತ್ತದೆ. ಪನಿಕ್ಕುಡ ಎಂದರೆ ಇಬ್ಬನಿಯ ಕೊಡ. ಚೆಂದದ ಮಾತು, ಕಲಿತಿಡಿ. 108 ಎರಡೂ ರಾಜ್ಯಗಳಲ್ಲಿ 2008ರಲ್ಲೇ ಬಂದಿದೆ. ಆದರೆ ಎರಡೂ ಬೇರೆ ಬೇರೆ ವ್ಯವಸ್ಥೆ. ಗಡಿಯಲ್ಲಿರುವವರು ಮೊದಲು ರಾಜ್ಯ, ತಾಲ್ಲೂಕು, ಹತ್ತಿರದ ಬಸ್ ಸ್ಟಾಪಿನ ಹೆಸರು ಹೇಳಿ, ಆಮೇಲೆ ನೋವಿನ ಕಥೆ ಹೇಳಿ.

ಇಷ್ಟು ನಮ್ಮ ಪಾಲಿನ ಮಾತು. ಈಗ ಆಸ್ಪತ್ರೆಗಳ ಪಾಲಿಗೆ ಬರುತ್ತೇನೆ. ಬೇಗ ಹೋದವರನ್ನು "ಇನ್ನೂ ಬಾಯಿ ತೆರೆದಿಲ್ಲ, ಹೋಗಿ ಆಮೇಲೆ ಬಾಮ್ಮಾ" ಎಂದು ವಾಪಸು ಕಳಿಸುವುದು ಎಲ್ಲ ಕಡೆಯೂ ಇದೆ. ನಮ್ಮ ಭಾವನ ಮಗಳನ್ನು ಒಂದು ಆಸ್ಪತ್ರೆಯಲ್ಲಿ ಹೀಗೆ ಎರಡು ಸಲ ಕಳಿಸಿದರು. ಎರಡೂ ಸಲ ಜೀಪು ಬಾಡಿಗೆ, ಎರಡೂ ಸಲ ಬೆಟ್ಟ ಹತ್ತಿಳಿಯುವ ಕುಲುಕಾಟ. ಮೂರನೇ ಸಲ ನಿಜನೋವು ಬಂದಾಗ "ಮತ್ತೆ ವಾಪಸ್ ಕಳಿಸ್ತಾರೆ, ಇರಿ" ಎಂದು ಆ ಹುಡುಗಿಯೇ ಹಲ್ಲು ಕಚ್ಚಿಕೊಂಡು ಕೂತಳು. ಕೊನೆಗೆ ಜೀಪಿನಲ್ಲೇ ಹೆತ್ತಳು. ತಾಯಿ ಮಗು ಕ್ಷೇಮ, ದೇವರು ದೊಡ್ಡವನು. ಆದರೆ ಆ ಮೂರನೇ ತಡವನ್ನು ಮಾಡಿಸಿದ್ದು ಮೊದಲ ಎರಡು ವಾಪಸಾತಿಯೇ ಅಲ್ಲವೇ?

ಡಾಕ್ಟರುಗಳ ಕಡೆಯೂ ನ್ಯಾಯ ಇದೆ, ಅದನ್ನೂ ಹೇಳಬೇಕು. ಬೇಗ ದಾಖಲು ಮಾಡಿಕೊಂಡರೆ ಗಡಿಬಿಡಿಯಲ್ಲಿ ಡ್ರಿಪ್ ಹಾಕುವುದು, ಕಾಯಲಾರದೆ ಆಪರೇಷನ್ ಮಾಡುವುದು ಜಾಸ್ತಿಯಾಗುತ್ತದೆ. ಅದೇ ಸಮೀಕ್ಷೆಯಲ್ಲಿ ತಮಿಳುನಾಡಿನ ಸಿಸೇರಿಯನ್ ನೂರಕ್ಕೆ 44.9 ಇದೆ, ಕರ್ನಾಟಕದ್ದು 31.5. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ, ಗರ್ಭದ ಬಾಯಿ ಐದು ಸೆಂಟಿಮೀಟರ್ ತೆರೆಯುವ ತನಕ ಅವಸರ ಬೇಡ, ಗಂಟೆಗೊಂದು ಸೆಂಟಿಮೀಟರ್ ಎಂಬ ಹಳೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದಿತು. ಸರಿ. ಆದರೆ ಅವಸರ ಬೇಡ ಎಂದರೆ ಮನೆಗೆ ಕಳಿಸಿ ಎಂದಲ್ಲ. 1972ರಲ್ಲಿ ಆಗಿನ ರೊಡೇಷ್ಯಾ, ಈಗಿನ ಜಿಂಬಾಬ್ವೆಯಲ್ಲಿ ಫಿಲ್‌ಪಾಟ್ ಎಂಬ ಡಾಕ್ಟರು ಹೆರಿಗೆಯ ನಕ್ಷೆಯಲ್ಲಿ ಎರಡು ಗೆರೆ ಎಳೆದರು. ಒಂದು ಎಚ್ಚರದ ಗೆರೆ, ನಾಲ್ಕು ಗಂಟೆ ಆಚೆಗೆ ಕ್ರಮ ಕೈಗೊಳ್ಳುವ ಗೆರೆ. ನಡುವಿನ ಆ ನಾಲ್ಕು ಗಂಟೆ ಯಾಕೆ? ದೂರದ ಸಣ್ಣ ಆಸ್ಪತ್ರೆಯಿಂದ ಹೆಂಗಸನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು. ನಕ್ಷೆ ಮಾಡಿದ ಡಾಕ್ಟರು ರಸ್ತೆಯನ್ನು ಲೆಕ್ಕಕ್ಕೆ ಹಿಡಿದಿದ್ದರು. ಮುಂಗಡ ಹೆರಿಗೆ ಕೋಣೆಯಲ್ಲಿ ಕೂತು "ಹೋಗಿ ಬಾ" ಅನ್ನುವವರು ಹಿಡಿಯುವುದಿಲ್ಲ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಬೆಟ್ಟದ, ಕಾಡಿನ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಮಿಳುನಾಡು ಸರ್ಕಾರವೇ ಹೆರಿಗೆಗೆ ಕಾಯುವ ಕೋಣೆ ಎಂದು ಮಾಡಿದೆ. ದಿನ ತುಂಬಿದವಳು ಬಂದು ಅಲ್ಲಿ ಇರಬಹುದು, ರೋಗಿಯಾಗಿ ಅಲ್ಲ, ಅತಿಥಿಯಾಗಿ. ಗೂಡಲೂರಿನಲ್ಲಿ ಅಶ್ವಿನಿ ಸಂಸ್ಥೆಯವರು 1990ರಲ್ಲಿ ಆದಿವಾಸಿ ಆಸ್ಪತ್ರೆ ತೆರೆಯುವ ಮುನ್ನವೇ ಹಾಡಿಗಳ ಹೆಣ್ಣುಮಕ್ಕಳಿಗೆ ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತಿ ಕೊಟ್ಟರು. ಯಾರು ಬೇಗ ಬರಬೇಕು ಎಂಬುದನ್ನು ಊರೊಳಗೇ ಗುರುತಿಸುವ ಕಣ್ಣು ಹೀಗೆ ಬರುತ್ತದೆ. ತಾಲ್ಲೂಕು ಮಟ್ಟದ ಪ್ರತಿ ಸರ್ಕಾರಿ ಆಸ್ಪತ್ರೆಯ ಪಕ್ಕದಲ್ಲೂ ಇಂಥ ಕಾಯುವ ಕೋಣೆ ಬೇಕು, ಒಂದು ಒಲೆ ಮತ್ತು ಬಿಸಿನೀರಿನ ಸಮೇತ. ಕೆಲಸಕ್ಕೆ ಹೋಗುವ ಹೆಂಗಸರಿಗೆ 2017ರಿಂದ ಹೆರಿಗೆ ರಜೆ 26 ವಾರ, ಮೊದಲ ಎರಡು ಮಕ್ಕಳಿಗೆ. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಎಲೆ ಕೊಯ್ಯುತ್ತಲೇ ದಿನ ತುಂಬಿಸಿ, ರಜೆಯನ್ನೆಲ್ಲ ಆಮೇಲಕ್ಕೆ ಉಳಿಸುವ ಲೆಕ್ಕ ದೂರದ ಎಸ್ಟೇಟಿಗೆ ಒಳ್ಳೆಯದಲ್ಲ.

ಗಡಿಯ ಮಾತು ಇನ್ನೊಂದು ಉಳಿದಿದೆ. ಗುಂಡ್ಲುಪೇಟೆ, ಚಾಮರಾಜನಗರದ ಹೆಣ್ಣು ಕೂನೂರಿಗೆ ಸೊಸೆಯಾಗಿ ಬಂದಿದ್ದರೆ ಚೊಚ್ಚಲು ತವರಿನಲ್ಲೇ ಆಗಬೇಕು ಎನ್ನುತ್ತಾರೆ. ಆಗಲಿ. ಆದರೆ ಏಳನೇ ತಿಂಗಳಲ್ಲೇ ಕಳಿಸಿ, ಒಂಬತ್ತರಲ್ಲಿ ಅಲ್ಲ. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಬಂದ್. ಆಂಬುಲೆನ್ಸಿಗೆ ಬಿಡುತ್ತಾರೆ. ಬಾಡಿಗೆ ಕಾರಿನಲ್ಲಿ ನೋವು ತಿನ್ನುವವಳನ್ನು ಕೂರಿಸಿಕೊಂಡು ಚೆಕ್‌ಪೋಸ್ಟಿನಲ್ಲಿ ವಾದ ಮಾಡುವ ಗತಿ ಯಾರಿಗೂ ಬೇಡ. ಇಲ್ಲಿನ ತಪಾಸಣೆಯ ಪುಸ್ತಕ, ಸ್ಕ್ಯಾನಿಂಗ್ ಚೀಟಿ, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿ ಹಾಕಿ ಕಳಿಸಿ, ಅಲ್ಲಿ ತಾಯಿ ಕಾರ್ಡ್ ಮಾಡಿಸಲು ಕೇಳುತ್ತಾರೆ.

ದಾರಿಯಲ್ಲೇ ಹೆರಿಗೆ ಆಗಿಯೇಬಿಟ್ಟರೆ ಗಾಡಿ ನಿಲ್ಲಿಸಿ, ಓಡಿಸಬೇಡಿ. ಮಗುವನ್ನು ಎಳೆಯಬೇಡಿ. ಒರೆಸಿ, ತಾಯಿಯ ಎದೆಯ ಮೇಲೆ ಬರಿಮೈಗೆ ತಾಗಿಸಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ನಮ್ಮ ಚಳಿ ಗೊತ್ತಲ್ಲ. ಹೊಕ್ಕುಳ ಬಳ್ಳಿಗೆ ಬ್ಲೇಡು, ಕುಡುಗೋಲು ಯಾವುದೂ ತಾಗಿಸಬೇಡಿ, ಹಾಗೇ ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಮಾಸು ಬೀಳದೆ ಅರ್ಧ ಗಂಟೆ ಕಳೆದರೆ, ಬಟ್ಟೆ ಮೇಲೆ ಬಟ್ಟೆ ನೆನೆದರೆ, ಮಗು ಹುಟ್ಟಿತಲ್ಲ ಎಂದು ಟೀ ಅಂಗಡಿಯಲ್ಲಿ ಇಳಿಯಬೇಡಿ. ಹೆರಿಗೆಯ ನಂತರದ ನೆತ್ತರು ಎರಡು ಗಂಟೆಯೊಳಗೆ ತಾಯಿಯನ್ನು ಕೊಂಡೊಯ್ಯಬಲ್ಲದು, ಘಾಟಿಯಲ್ಲಿ ಎರಡು ಗಂಟೆ ಎಂದರೆ ಎಷ್ಟು ದೂರ ಎಂದು ಲಾರಿ ಕಳಿಸುವವರಿಗೆ ನಾನು ಹೇಳಬೇಕಿಲ್ಲ.