"15 ದಿನದಲ್ಲಿ ನಟರಾಗಿ, ಸೀರಿಯಲ್‌ನಲ್ಲಿ ಚಾನ್ಸ್ ಗ್ಯಾರಂಟಿ": ಈ ಫಾರ್ವರ್ಡ್ ಎಷ್ಟು ನಿಜ?

ಬೇಸಿಗೆ ಹತ್ತಿರ ಬಂದಂತೆ ಕಾಲೇಜು ಗ್ರೂಪುಗಳಲ್ಲಿ ಒಂದು ಬಗೆಯ ಪೋಸ್ಟರ್ ಓಡಾಡಲು ಶುರುವಾಗುತ್ತದೆ. ಬೇಸಿಗೆ ನಟನಾ ಶಿಬಿರ, 15 ದಿನದಲ್ಲಿ ನಟರಾಗಿ, ಸರ್ಟಿಫಿಕೇಟ್ ಕೊಡಲಾಗುವುದು, ಕೆಲವೇ ಸೀಟು ಉಳಿದಿವೆ, ಇಂದೇ ಹಣ ಕಳಿಸಿ. ಮೂಲೆಯಲ್ಲಿ ಎಲ್ಲರಿಗೂ ಗೊತ್ತಿರುವ ನಟರೊಬ್ಬರ ಫೋಟೊ.

ಕೊಡಂಬಲದಂಥ ಊರಿನಿಂದ ಹುಮನಾಬಾದ್‌ಗೋ ಬಸವಕಲ್ಯಾಣಕ್ಕೋ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ, ಗ್ಯಾದರಿಂಗ್‌ನಲ್ಲಿ ನಾಟಕ ಮಾಡಿ ಚಪ್ಪಾಳೆ ಗಿಟ್ಟಿಸಿದ ವಿದ್ಯಾರ್ಥಿಗೆ ಇಂಥ ಪೋಸ್ಟರ್ ಆಸೆ ಹುಟ್ಟಿಸುತ್ತದೆ. ಆದರೆ ಆ ಶುಲ್ಕ ಎಷ್ಟೋ ಮನೆಗಳಲ್ಲಿ ತೊಗರಿ, ಸೋಯಾ ಮಾರಿದ ದುಡ್ಡಿನಿಂದಲೇ ಹೋಗಬೇಕು. ಹಾಗಾಗಿ ಮೊದಲೇ ಹೇಳಿಬಿಡೋಣ: ಬೇಸಿಗೆ ಶಿಬಿರ ದಂಡವಲ್ಲ. ಆದರೆ ಗ್ಯಾರಂಟಿ ಕೊಡುವ ಶಿಬಿರವನ್ನು ನಂಬಬೇಡಿ.

15 ದಿನದಲ್ಲಿ ನಟನೆ ಕಲಿಯಬಹುದೇ?

ಪೂರ್ತಿ ಕಲಿಯಲಾಗದು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ (ಎನ್‌ಎಸ್‌ಡಿ) ಇದಕ್ಕೆ ಮೂರು ವರ್ಷ ತೆಗೆದುಕೊಳ್ಳುತ್ತದೆ. ಅದರ ಬೆಂಗಳೂರು ಕೇಂದ್ರದ ಕೋರ್ಸ್ ಒಂದು ವರ್ಷದ್ದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರವೂ ಸುಮಾರು ಒಂದು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುತ್ತದೆ.

ಇದಕ್ಕೆ ವಿಜ್ಞಾನದ ಕಾರಣವೂ ಇದೆ. ನಟನೆ ಓದಿ ತಿಳಿಯುವ ವಿಷಯವಲ್ಲ, ಈಜು, ಸೈಕಲ್‌ನಂತೆ ಮೈಗೆ ರೂಢಿಯಾಗಬೇಕಾದ ಕೌಶಲ. ಮಾಡಬೇಕು, ತಪ್ಪಬೇಕು, ಯಾರಾದರೂ ತಿದ್ದಬೇಕು, ಮತ್ತೆ ಮಾಡಬೇಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ನೆನಪಿನ ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಒಂದೇ ಸಲ ಗಟ್ಟು ಹೊಡೆದದ್ದಕ್ಕಿಂತ, ದಿನ ಬಿಟ್ಟು ದಿನ ಹಂಚಿಕೊಂಡು ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದು ಅವರು ತೋರಿಸಿದರು. ಮೈ ಕೈ ಬಳಸಿ ಕಲಿಯುವ ಕೌಶಲಗಳಲ್ಲೂ ಇದೇ ಗುಣವನ್ನು ನಂತರದ ಸಂಶೋಧಕರು ಕಂಡಿದ್ದಾರೆ.

ಹಾಗಾದರೆ ಎರಡು ವಾರದ ಶಿಬಿರದಿಂದ ಏನು ಸಿಗುತ್ತದೆ? ನಿಮ್ಮ ದನಿ, ನಿಲುವು, ನಡಿಗೆಯಲ್ಲಿರುವ ತೊಡಕು ಗೊತ್ತಾಗುತ್ತದೆ. ಮನೆಗೆ ಬಂದು ದಿನಾ ಅರ್ಧ ಗಂಟೆ ಮಾಡಬಹುದಾದ ಅಭ್ಯಾಸಗಳು ಸಿಗುತ್ತವೆ. ಒಂದು ವರ್ಷದ ಕೋರ್ಸಿಗೆ ಹೋಗುವಷ್ಟು ಮನಸ್ಸು ನಿಮಗಿದೆಯೇ ಎಂಬುದು ತಿಳಿಯುತ್ತದೆ. ಇಷ್ಟು ಸಿಕ್ಕರೆ ಶಿಬಿರ ಸಾರ್ಥಕ. ಉಳಿದದ್ದನ್ನು ವರ್ಷವಿಡೀ ಗೆಳೆಯರೊಂದಿಗೆ ನಾಟಕ ಆಡುತ್ತ ಕಲಿಯಬೇಕು.

ಸರ್ಟಿಫಿಕೇಟ್ ಇದ್ದರೆ ಮುಂದೆ ಸೀಟು ಸುಲಭವೇ?

ಇಲ್ಲ. ಶಿಬಿರದ ಸರ್ಟಿಫಿಕೇಟ್ ಪದವಿಯಲ್ಲ, ನೀವು ಭಾಗವಹಿಸಿದ್ದಕ್ಕೆ ಸಾಕ್ಷಿ ಅಷ್ಟೆ. ಎನ್‌ಎಸ್‌ಡಿಗೆ ಸೇರಲು ಪದವಿ ಮತ್ತು ನಾಟಕಗಳಲ್ಲಿ ದುಡಿದ ಅನುಭವ ಬೇಕು. ಆಯ್ಕೆ ನಡೆಯುವುದು ನೀವು ಅವರ ಎದುರು ಮಾಡಿ ತೋರಿಸುವುದರ ಮೇಲೆ. ಆದ್ದರಿಂದ ಐದು ಸರ್ಟಿಫಿಕೇಟ್‌ಗಿಂತ ಊರಲ್ಲಿ ಆಡಿದ ಐದು ನಾಟಕ ಹೆಚ್ಚು ಕೆಲಸಕ್ಕೆ ಬರುತ್ತವೆ.

"ಚಾನ್ಸ್ ಗ್ಯಾರಂಟಿ" ಎಂದರೆ?

ಪಾತ್ರಕ್ಕೆ ಯಾರು ಬೇಕೆಂದು ನಿರ್ಧರಿಸುವವರು ನಿರ್ದೇಶಕರು ಮತ್ತು ನಿರ್ಮಾಪಕರು. ತರಬೇತಿ ಕೊಡುವವರು ಅದನ್ನು ಮುಂಗಡವಾಗಿ ಮಾರಲಾರರು. ನಟನೆ ಒಂದು ಕೆಲಸ, ಕೆಲಸ ಕೊಡುವವರು ಹಣ ಕೊಡಬೇಕೇ ಹೊರತು ಕೇಳಬಾರದು. ಆಡಿಷನ್ ಫೀ, ಕಾರ್ಡ್ ಫೀ, ಫೋಟೊ ಫೀ ಎಂದು ಒಂದರ ಹಿಂದೆ ಒಂದು ಕೇಳತೊಡಗಿದರೆ ಅಲ್ಲೇ ನಿಲ್ಲಿಸಿ. ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

"ನಮ್ಮ ಬೀದರ್ ಕಡೆ ಮಾತು ನಾಟಕಕ್ಕೆ ಆಗೋದಿಲ್ಲ"

ಇದೂ ತಪ್ಪು ತಿಳಿವಳಿಕೆ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಉತ್ತರ ಕರ್ನಾಟಕದ ಆಡುಮಾತಿನಲ್ಲೇ ಇದೆ, ನಾಡಿನಾದ್ಯಂತ ರಂಗಕ್ಕೆ ಬಂದಿದೆ. ಇನ್ನು ನಿಮ್ಮ ಪಕ್ಕದ ಕಲ್ಯಾಣದ ಕಥೆಯೇ ಲಂಕೇಶರ 'ಸಂಕ್ರಾಂತಿ', ಗಿರೀಶ ಕಾರ್ನಾಡರ 'ತಲೆದಂಡ' ನಾಟಕಗಳಾಗಿ ಕನ್ನಡ ರಂಗಭೂಮಿಯಲ್ಲಿ ನಿಂತಿದೆ. ಒಳ್ಳೆಯ ಶಿಬಿರ ಸ್ಪಷ್ಟ ಉಚ್ಚಾರ ಕಲಿಸುತ್ತದೆ, ನಿಮ್ಮ ಮಾತನ್ನು ಕಂಡು ನಗುವುದಿಲ್ಲ.

ಗಂಟಲು ಮತ್ತು ಬಿಸಿಲು

ಹೆಚ್ಚು ಕೂಗಿಸಿದಷ್ಟೂ ದನಿ ಗಟ್ಟಿಯಾಗುತ್ತದೆ ಎಂದು ನಂಬಿದವರಿದ್ದಾರೆ. ಮಾತಾಡುವಾಗ ಗಂಟಲಿನ ಸ್ವರತಂತುಗಳು ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಒಂದಕ್ಕೊಂದು ತಾಗುತ್ತವೆ. ದಿನವಿಡೀ ಕಿರುಚಿದರೆ ಅವು ಊದಿಕೊಳ್ಳುತ್ತವೆ, ಗಂಟು ಕೂಡ ಕಟ್ಟಬಹುದು. ಕಲ್ಲುಸಕ್ಕರೆ, ಮೆಣಸು ಬಾಯಿಗೆ ಹಿತ. ಆದರೆ ನುಂಗಿದ್ದು ಹೋಗುವುದು ಅನ್ನನಾಳಕ್ಕೆ, ಸ್ವರತಂತು ಇರುವುದು ಗಾಳಿಯ ದಾರಿಯಲ್ಲಿ. ನಿಜವಾದ ಮದ್ದು ನೀರು, ವಿಶ್ರಾಂತಿ ಮತ್ತು ಉಸಿರಿನ ಸರಿಯಾದ ಬಳಕೆ. ದನಿ ಕಟ್ಟಿ ಮೂರು ವಾರ ಕಳೆದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮಟಮಟ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಓಡಿಸುವ ಶಿಬಿರ ನಮ್ಮ ಕಡೆಗೆ ತಕ್ಕುದಲ್ಲ.

ದೂರದ್ದೋ, ಹತ್ತಿರದ್ದೋ?

ಶುಲ್ಕವೊಂದೇ ಖರ್ಚಲ್ಲ. ಬಸ್ಸು, ರೂಮು, ಊಟ, ರಜೆಯಲ್ಲಿ ದುಡಿಯಬಹುದಾಗಿದ್ದ ಕೂಲಿ ಎಲ್ಲವನ್ನೂ ಕೂಡಿಸಿ ನೋಡಿ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣಕ್ಕೆ ಈಗ ಕಲಬುರಗಿಯಲ್ಲೂ ಕೇಂದ್ರವಿದೆ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಹುಮನಾಬಾದ್‌ನಿಂದ ಅಲ್ಲಿಗೆ ರೈಲಿದೆ. ಮೊದಲ ಶಿಬಿರಕ್ಕೆ ಅಲ್ಲಿ ವಿಚಾರಿಸುವುದು ಜಾಣತನ. ಹೆಗ್ಗೋಡು, ಸಾಣೇಹಳ್ಳಿ, ಬೆಂಗಳೂರಿನಂಥ ದೂರದ ಊರುಗಳನ್ನು ನಂತರ ಯೋಚಿಸಬಹುದು. ವಯಸ್ಸಿನ ಮಿತಿಯನ್ನೂ ನೋಡಿ. ಮೈಸೂರು ರಂಗಾಯಣದ 'ಚಿಣ್ಣರ ಮೇಳ'ದಂತೆ ಹಲವು ಬೇಸಿಗೆ ಶಿಬಿರಗಳು ಮಕ್ಕಳಿಗಾಗಿ ಇರುತ್ತವೆ.

ಹಣ ಕಟ್ಟುವ ಮೊದಲು ಕೇಳಿ

• ಪೋಸ್ಟರ್‌ನಲ್ಲಿರುವ ಸಂಸ್ಥೆಗೇ ನೇರವಾಗಿ ಕೇಳಿದಿರಾ? ಎನ್‌ಎಸ್‌ಡಿ, ರಂಗಾಯಣದ ಲೋಗೊ ಯಾರು ಬೇಕಾದರೂ ಅಂಟಿಸಬಹುದು.
• ದಿನಾ ಕಲಿಸುವವರು ಯಾರು? ಫೋಟೊದಲ್ಲಿರುವ ನಟರು ಎಷ್ಟು ದಿನ ಇರುತ್ತಾರೆ?
• ಒಂದು ತಂಡದಲ್ಲಿ ಎಷ್ಟು ಜನ? 20 ಜನರಿದ್ದರೆ ನಿಮ್ಮನ್ನು ತಿದ್ದಲು ಸಮಯವಿರುತ್ತದೆ, 100 ಜನರಿದ್ದರೆ ಭಾಷಣ ಕೇಳಿ ಬರುತ್ತೀರಿ.
• ದಿನದಲ್ಲಿ ಎಷ್ಟು ಹೊತ್ತು ನೀವೇ ಮಾಡುತ್ತೀರಿ? ಕೊನೆಗೆ ನಾಟಕ ಆಡಿಸುತ್ತಾರೆಯೇ?
• ಹೆಣ್ಣುಮಕ್ಕಳಿಗೆ ಉಳಿಯಲು ಬೇರೆ ವ್ಯವಸ್ಥೆ ಇದೆಯೇ? ದೂರು ಯಾರಿಗೆ ಕೊಡಬೇಕು? ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ವ್ಯಾಪ್ತಿಗೆ ಶಿಕ್ಷಣ, ಮನರಂಜನೆಯ ಖಾಸಗಿ ಸಂಸ್ಥೆಗಳೂ ಬರುತ್ತವೆ.
• ಹಣಕ್ಕೆ ರಸೀದಿ ಕೊಡುತ್ತಾರೆಯೇ? ಪರೀಕ್ಷೆ ಮುಂದೆ ಹೋಗಿ ಬರಲಾಗದಿದ್ದರೆ ವಾಪಸ್ ಎಷ್ಟು?
• ಹೋದ ವರ್ಷ ಹೋಗಿದ್ದ ಇಬ್ಬರ ನಂಬರ್ ಕೊಡುತ್ತಾರೆಯೇ?

ಒಳ್ಳೆಯ ಶಿಬಿರ ನಡೆಸುವವರು ಇಂಥ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೇ ನಿಮಗೆ ಉತ್ತರ. ಮುಂದಿನ ಸಲ ಇಂಥ ಪೋಸ್ಟರ್ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಅದರಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿ. ನಿಮ್ಮ ಐದು ನಿಮಿಷ ಗೆಳೆಯನ ಮನೆಯ ಒಂದು ಚೀಲ ತೊಗರಿಯ ದುಡ್ಡು ಉಳಿಸಬಹುದು.