ಗುಡ್ಡದ ಮಾಗಳಿ ಬೇರನ್ನು ಟಿಂಕ್ಚರ್‌ನವರಿಗೆ ಕೊಡಬೇಡಿ

"ಮಾಗಳಿ ಬೇರು ಬೇಕು, ಹಸಿ ಒಣ ಯಾವುದಾದರೂ ಸರಿ, ಎಷ್ಟಿದ್ದರೂ ತಗೋತೀವಿ, ಸ್ಥಳದಲ್ಲೇ ದುಡ್ಡು" ಅಂತ ಒಂದು ಮೆಸೇಜು ನಮ್ಮ ಕಡೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ತಿರುಗ್ತಾ ಇದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲಾ ಕಡೆಯವರಿಗೂ ಬಂದಿರುತ್ತೆ. ಕೊಡಬಹುದಾ ಅಂತ ನಾಲ್ಕೈದು ಜನ ನನ್ನನ್ನೇ ಕೇಳಿದ್ರು. ಗುಡ್ಡದ ಬೇರಾದರೆ ಕೊಡಬೇಡಿ. ಯಾಕೆ ಅನ್ನೋದನ್ನ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಖಾರಾನೂ ಇರುತ್ತೆ, ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದ ಹುಡುಗರಿಗೆ ಮೊದಲು ಗಿಡದ ಗುರುತು ಹೇಳ್ತೀನಿ. ಕೆಲವರು ಮಾಕಳಿ ಅಂತಾರೆ, ಗಡಿ ಆಚೆ ಆಂಧ್ರದವರು ಮಾರೇಡು ಗಡ್ಡಲು, ನನ್ನಾರಿ ಕೊಮ್ಮುಲು ಅಂತಾರೆ. ಬಂಡೆ ಸಂದಿಯಲ್ಲಿ ಹುಟ್ಟಿ ಪೊದೆ ಮೇಲೆ ಹಬ್ಬೋ ಬಳ್ಳಿ. ಕುಡಿ ಚಿವುಟಿದರೆ ಹಾಲು ಬರುತ್ತೆ. ಕೆಳಗೆ ಹೆಬ್ಬೆರಳು ದಪ್ಪದಿಂದ ಹಿಡಿದು ಮುಂಗೈ ದಪ್ಪದವರೆಗೆ ಬೇರುಗಳು ಗೊಂಚಲಾಗಿ ಇಳಿದಿರುತ್ತವೆ. ಒಂದು ತುಂಡು ಮನೆಯಲ್ಲಿಟ್ಟರೆ ನಡುಮನೆಯಿಂದ ಕೊಟ್ಟಿಗೆವರೆಗೂ ವಾಸನೆ. ನಮ್ಮ ಅವ್ವಂದಿರು ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ನಿಂಬೆರಸದಲ್ಲೋ ಮೊಸರಲ್ಲೋ ಉಪ್ಪಿನಕಾಯಿ ಹಾಕ್ತಿದ್ದರಲ್ಲ, ಅದೇ. ಕಾಳಿನ ಡಬ್ಬಕ್ಕೆ ಹುಳ ಬೀಳಬಾರದು ಅಂತ ಒಂದೆರಡು ತುಂಡು ಹಾಕೋರೂ ಇದ್ದರು. ಅದು ಬರೀ ನಂಬಿಕೆ ಅಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನವರು ಈ ಬೇರನ್ನ ದಾಸ್ತಾನು ಧಾನ್ಯದ ಹುಳುವಿನ ಮೇಲೆ ಪರೀಕ್ಷೆ ಮಾಡಿ, ಹುಳು ಸಾಯುತ್ತೆ ಅಂತ ತೋರಿಸಿದ್ದಾರೆ.

ಇದಕ್ಕೂ ಸೊಗದೆ ಬೇರಿಗೂ ಗೊಂದಲ ಮಾಡ್ಕೋಬೇಡಿ. ಸೊಗದೆ, ಅಂದರೆ ನಾಮದ ಬೇರು, ಸಣ್ಣ ದಾರದ ಹಾಗಿರುತ್ತೆ, ಆಯುರ್ವೇದದವರು ಸಾರಿವಾ ಅನ್ನೋದು ಅದನ್ನ. ವಾಸನೆ ಎರಡಕ್ಕೂ ಒಂದೇ ಜಾತಿ. ಸೊಗದೆ ಅಗೆದು ಒಂದು ಕೆಜಿ ಮಾಡಬೇಕಾದರೆ ಸೊಂಟ ಬೀಳುತ್ತೆ. ಮಾಗಳಿ ಆದರೆ ಒಂದೇ ಬುಡದಲ್ಲಿ ಕೆಜಿಗಟ್ಟಲೆ. ಅದಕ್ಕೇ ಸಾರಿವಾ ಅಂತ ಹೆಸರು ಬರೆದು ಒಳಗೆ ಮಾಗಳಿ ತುಂಬೋ ವ್ಯಾಪಾರ ಬಹಳ ಕಾಲದಿಂದ ಇದೆ. ನಮ್ಮ ಗುಡ್ಡದ ಬೇರು ಬೇರೆ ಗಿಡದ ಹೆಸರಲ್ಲಿ ಮಾರಾಟ ಆಗುತ್ತೆ. ಹಾಗಾಗಿ ಇಲ್ಲಿ ಖಾಲಿ ಆದರೂ ಅಲ್ಲಿ ಸೀಸೆ ಕೊಳ್ಳೋರಿಗೆ ಗೊತ್ತಾಗೋದೇ ಇಲ್ಲ.

ಈಗ ಟಿಂಕ್ಚರ್ ವಿಷಯ. ಗಾಯಕ್ಕೆ ಹಚ್ಚೋ ಟಿಂಕ್ಚರ್ ಅಯೋಡಿನ್ ನಮಗೆಲ್ಲ ಗೊತ್ತು. ಹಾಗೇ ಬೇರು, ಎಲೆ, ತೊಗಟೆ ಏನನ್ನಾದರೂ ಕುಡಿಯೋ ದರ್ಜೆಯ ಮದ್ಯಸಾರ ಮತ್ತು ನೀರಲ್ಲಿ ವಾರಗಟ್ಟಲೆ ನೆನೆಹಾಕಿ ಸೋಸಿದರೆ ಅದೂ ಟಿಂಕ್ಚರ್. ಹನಿ ಲೆಕ್ಕದಲ್ಲಿ ಕುಡಿಯೋಕೆ ಮಾರ್ತಾರೆ. ನಮ್ಮ ಆಸವ, ಅರಿಷ್ಟಗಳದ್ದೂ ಹತ್ತಿರತ್ತಿರ ಅದೇ ಉಪಾಯ. ಅಲ್ಲಿ ಬೆಲ್ಲ, ಧಾತಕಿ ಹೂವು ಹಾಕಿ ಹುಳಿಬರಿಸಿ ಮದ್ಯಸಾರ ಒಳಗೇ ಹುಟ್ಟೋ ಹಾಗೆ ಮಾಡ್ತಾರೆ, ಇಲ್ಲಿ ಹೊರಗಿಂದ ಹಾಕ್ತಾರೆ. ಮಾಗಳಿ ಇದಕ್ಕೆ ಹೇಳಿ ಮಾಡಿಸಿದ ಬೇರು. ಅದರ ವಾಸನೆ ಇರೋ ಅಂಶ ತಣ್ಣೀರಿಗೆ ಸರಿಯಾಗಿ ಇಳಿಯಲ್ಲ, ಕುದಿಸಿದರೆ ಹಬೆ ಜೊತೆ ಹಾರಿಹೋಗುತ್ತೆ, ಮದ್ಯಸಾರಕ್ಕೆ ಮಾತ್ರ ಪೂರ್ತಿ ಬಿಟ್ಟುಕೊಡುತ್ತೆ. ವೆನಿಲ್ಲಾದ ಪರಿಮಳಕ್ಕೆ ಕಾರಣವಾದ ವೆನಿಲಿನ್ ಇದೆಯಲ್ಲ, ಅದಕ್ಕೂ ಇದಕ್ಕೂ ಒಳಗಿನ ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ದಾಯಾದಿ ಅನ್ನಬಹುದು. (ವೆನಿಲ್ಲಾ ಅಂದ ಕೂಡಲೆ ಮಲೆನಾಡು, ದಕ್ಷಿಣ ಕನ್ನಡದವರಿಗೆ ಹೊಟ್ಟೆ ಉರಿಯುತ್ತೆ. 2003ರ ಸುಮಾರಿಗೆ ಹಸಿ ಕೋಡು ಸಾವಿರಗಟ್ಟಲೆ ರೂಪಾಯಿಗೆ ಹೋಗಿದ್ದು, ಎರಡೇ ವರ್ಷದಲ್ಲಿ ಕೇಳೋರಿಲ್ಲದೆ ಬಿತ್ತು.)

ಉಪ್ಪಿನಕಾಯಿಗೂ ಟಿಂಕ್ಚರ್‌ಗೂ ವ್ಯತ್ಯಾಸ ಏನು ಅಂದರೆ, ಉಪ್ಪಿನಕಾಯಿಗೆ ಒಂದು ಮಿತಿ ಇತ್ತು. ರುಚಿ ಗೊತ್ತಿದ್ದ ಮನೆಯವರು ವರ್ಷಕ್ಕೊಂದು ಜಾಡಿ ಹಾಕ್ತಿದ್ದರು, ಮುಗೀತು. ಟಿಂಕ್ಚರ್ ವರ್ಷಗಟ್ಟಲೆ ಕೆಡಲ್ಲ, ಕೊರಿಯರ್‌ನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತೆ. ಕೊಳ್ಳೋರಿಗೆ ಮಾಗಳಿ ಅಂದರೆ ಏನು ಅಂತ ಗೊತ್ತಿರಬೇಕಾಗೂ ಇಲ್ಲ. ಈ ಬೇಡಿಕೆಗೆ ತಳ ಇಲ್ಲ, ನಮ್ಮ ಗುಡ್ಡಕ್ಕೆ ತಳ ಇದೆ.

ಲೆಕ್ಕ ನೋಡ್ರಪ್ಪ. ಒಣ ಬೇರಿಗೆ ಸಾಮಾನ್ಯವಾಗಿ ಒಂದಕ್ಕೆ ಐದರ ಅಳತೆ. 1 ಕೆಜಿ ಒಣ ಬೇರಿಗೆ 5 ಲೀಟರ್ ಟಿಂಕ್ಚರ್. 30 ಮಿಲಿ ಸೀಸೆ ತುಂಬಿದರೆ 166 ಸೀಸೆ. ಸೀಸೆಗೆ 300 ರೂಪಾಯಿ ಅಂತ ಇಟ್ಕೊಂಡರೂ ಹತ್ತಿರತ್ತಿರ 50,000 ರೂಪಾಯಿ. ಸ್ಪಿರಿಟ್ಟು, ಗಾಜು, ಲೈಸೆನ್ಸು, ಜಾಹೀರಾತು, ಅಂಗಡಿಯವನ ಪಾಲು ಎಲ್ಲ ಕಳೀರಿ, ನಾನು ಬೇಡ ಅನ್ನಲ್ಲ. ಅವರದ್ದೂ ಖರ್ಚೇ. ಆದರೆ ಆ ಒಂದು ಕೆಜಿ ಒಣ ಬೇರು ಆಗೋಕೆ ಅದರ ಹಲವು ಪಟ್ಟು ಹಸಿ ಬೇರು ಬೇಕು, ಹಸಿಯಲ್ಲಿ ಹೆಚ್ಚಿನ ಪಾಲು ನೀರೇ. ಅಷ್ಟಕ್ಕೆ ಗುಡ್ಡ ಹತ್ತಿ, ಹಾರೆಯಲ್ಲಿ ಬಂಡೆ ಮೀಟಿ, ಹೊತ್ತು ತಂದವನಿಗೆ ಎಷ್ಟು ಸಿಗುತ್ತೆ? ತೂಕದ ಮೇಲೆ ದುಡ್ಡು ಕೊಡೋ ವ್ಯಾಪಾರದಲ್ಲಿ ಬೇರಿನ ವಯಸ್ಸಿಗೆ ಬೆಲೆ ಇಲ್ಲ. ಎಂಟು ಹತ್ತು ವರ್ಷ ಬಂಡೆ ಸಂದಿಯಲ್ಲಿ ದಪ್ಪ ಆದ ಬೇರೂ ಒಂದೇ, ಮೊನ್ನೆ ಮೊನ್ನೆ ಹುಟ್ಟಿದ ಎಳೇದೂ ಒಂದೇ. ಹಾಗಾಗಿ ಕೀಳೋನು ಯಾವುದನ್ನೂ ಬಿಡಲ್ಲ.

ಹುಣಸೆ ಕಾಯಿ ಉದುರಿಸಿದರೆ ಮರ ಇರುತ್ತೆ. ಸೀತಾಫಲ ಕಿತ್ತರೆ ಗಿಡ ಇರುತ್ತೆ. ಮಾಗಳಿಯಲ್ಲಿ ನಾವು ಕೀಳೋದು ಗಿಡದ ಹೊಟ್ಟೆಯನ್ನೇ. ಇಡೀ ಬುಡ ಅಗೆದರೆ ಬಳ್ಳಿ ಸತ್ತಿತು. ಬೀಜದಿಂದ ಬರಲಿ ಅಂದರೆ, ಹೂ ಎಷ್ಟು ಬಿಟ್ಟರೂ ಕಾಯಿ ಕಟ್ಟೋದು ಕಮ್ಮಿ. ಕಾಯಿ ಒಡೆದರೆ ರೇಷ್ಮೆ ಎಳೆ ಕಟ್ಟಿಕೊಂಡ ಬೀಜ ಗಾಳಿಗೆ ಹಾರುತ್ತೆ, ಬಹಳ ದಿನ ಜೀವ ಹಿಡಿಯಲ್ಲ. ದಕ್ಷಿಣ ಭಾರತದ ಒಣಗುಡ್ಡಗಳನ್ನ ಬಿಟ್ಟರೆ ಈ ಗಿಡ ಇನ್ನೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಇದು ಅಪಾಯದಲ್ಲಿರೋ ಗಿಡ ಅಂತ ಸೇರಿದೆ. ಮಾಗಡಿ ಹತ್ತಿರ ಸಾವನದುರ್ಗದಲ್ಲಿ ಔಷಧಿ ಗಿಡಗಳಿಗೆ ಅಂತಲೇ ಕಾಡಿನ ಒಂದು ಭಾಗ ಗುರುತು ಮಾಡಿ ಕಾಪಾಡ್ತಿದ್ದಾರೆ. ಅಲ್ಲಿ ಕಾಪಾಡಬೇಕಾದದ್ದನ್ನ ಇಲ್ಲಿ ಚೀಲಕ್ಕೆ ತುಂಬಿ ಕಳಿಸೋದು ಯಾವ ನ್ಯಾಯ? ನಮ್ಮ ಜೋಗಿಮಟ್ಟಿಯೂ ಈಗ ವನ್ಯಜೀವಿಧಾಮ. ಅಲ್ಲಿಂದ ಬೇರು ತಂದು ಸಿಕ್ಕಿಬಿದ್ದರೆ ಕೇಸು ಬೀಳೋದು ಹಾರೆ ಹಿಡಿದವನ ಮೇಲೆ. ಮೆಸೇಜು ಹಾಕಿದವನ ನಂಬರು ಆವತ್ತು ಸ್ವಿಚ್ ಆಫ್ ಆಗಿರುತ್ತೆ.

"ನಾವು ಬಿಟ್ಟರೆ ಇನ್ನೊಬ್ಬ ಕಿತ್ತುಕೊಂಡು ಹೋಗ್ತಾನೆ" ಅಂತ ಹೇಳೋರಿದ್ದಾರೆ. ಇದೇ ಮಾತು ಹೇಳಿಕೊಂಡೇ ವೇದಾವತಿಯ ಮರಳು ತೆಗೆದ್ವಿ. ಆಮೇಲೆ ಬೋರು ಒಣಗಿದಾಗ ಆ ಇನ್ನೊಬ್ಬ ಬಂದು ನೀರು ಕೊಟ್ಟನಾ?

ಇನ್ನೊಂದು ಮಾತು ಹಗುರ ಅಲ್ಲ. ಬೇರು ಕೀಳೋರಲ್ಲಿ ಜಮೀನು ಇಲ್ಲದೋರು, ಕುರಿ ಕಾಯೋರು ಇದ್ದಾರೆ. ಮಳೆ ಕೈಕೊಟ್ಟ ವರ್ಷ ಅವರಿಗೆ ಅದೇ ಸಂತೆ ಖರ್ಚು. ಅವರನ್ನ ಕಳ್ಳರು ಅಂತ ಕರೆಯೋಕೆ ನಾನು ತಯಾರಿಲ್ಲ. ಅಡಿಕೆ ತೋಟ, ತೆಂಗಿನ ತೋಟ ಇಟ್ಟುಕೊಂಡು, ಟ್ರ್ಯಾಕ್ಟರ್ ಬಾಡಿಗೆಗೆ ಬಿಟ್ಟುಕೊಂಡು, ಅವರ ಕೈಲಿ ಕೀಳಿಸಿ ನಡುವೆ ಕೆಜಿಗೆ ಇಷ್ಟು ಅಂತ ಕಮಿಷನ್ ಹೊಡೆಯೋಕೆ ಹೊರಟಿರೋ ನಮ್ಮವರಿಗೇ ನಾನು ಬರೀತಿರೋದು. ಯಾರು ಅಂತ ನಿಮಗೇ ಗೊತ್ತು. ಕೀಳೋರಿಗೂ ಇದು ಎರಡು ಮೂರು ವರ್ಷದ ಕೂಲಿ ಅಷ್ಟೇ. ಹತ್ತಿರದ ಗುಡ್ಡ ಮುಗಿದ ಮೇಲೆ ದೂರದ ಗುಡ್ಡ, ಅದೂ ಮುಗಿದ ಮೇಲೆ ಖಾಲಿ ಕೈ.

ಈಗ ಇನ್ನೊಂದು ಹೊಸ ಚಾಳಿ ಬಂದಿದೆ. ಬೇರು ಯಾಕೆ ಮಾರ್ತೀರಿ, ಮನೆಯಲ್ಲೇ ಟಿಂಕ್ಚರ್ ಮಾಡಿ ಮಾರಿ, ಒಂದು ದಿನದ ತರಬೇತಿ, ಇಷ್ಟು ಫೀಸು. ಮೌಲ್ಯವರ್ಧನೆ ಅನ್ನೋ ದೊಡ್ಡ ಮಾತು ಬೇರೆ. ಅಂಥವರನ್ನ ಒಂದೇ ಪ್ರಶ್ನೆ ಕೇಳಿ: ಸ್ಪಿರಿಟ್ಟು ಎಲ್ಲಿಂದ ತರಲಿ? ಶುದ್ಧ ಮದ್ಯಸಾರ ಇಟ್ಟುಕೊಳ್ಳೋಕೆ ಅಬಕಾರಿ ಇಲಾಖೆ ಪರವಾನಗಿ ಬೇಕು. ಪೇಂಟ್ ಅಂಗಡಿಯಲ್ಲಿ ಸಿಗೋ ಸ್ಪಿರಿಟ್ಟು, ಥಿನ್ನರ್ರು, ಕೈಗೆ ಹಚ್ಚೋ ಸ್ಯಾನಿಟೈಸರ್ರು ಕುಡಿಯೋ ಪದಾರ್ಥ ಅಲ್ಲ. ಕುಡೀಬಾರದು ಅಂತಲೇ ಅದಕ್ಕೆ ವಿಷ ಬೆರೆಸಿರ್ತಾರೆ. ಮಿಥೈಲ್ ಆಲ್ಕೋಹಾಲ್ ಇದ್ದರೆ ಮೊದಲು ಕಣ್ಣು ಹೋಗುತ್ತೆ, ಆಮೇಲೆ ಜೀವ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತಿದ್ದು ಅದರಿಂದಲೇ. ನನ್ನ ವಯಸ್ಸಿನೋರಿಗೆ ನೆನಪಿರುತ್ತೆ. 2008ರಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಮತ್ತೆ ಆಯಿತು. ಮಾಗಳಿ ವಾಸನೆ ಎಷ್ಟು ಜೋರು ಅಂದರೆ ಎಂಥಾ ಸ್ಪಿರಿಟ್ಟಿನ ವಾಸನೇನೂ ಮುಚ್ಚಿಹಾಕುತ್ತೆ. ಕುಡಿಯೋನಿಗೆ ಗೊತ್ತೇ ಆಗಲ್ಲ.

ಔಷಧಿ ಅಂತ ಮಾರಬೇಕಾದರೆ 1940ರ ಔಷಧ ಕಾನೂನಿನ ಪ್ರಕಾರ ತಯಾರಿಕೆ ಲೈಸೆನ್ಸು ಬೇಕು, ಅದು ಆಯುರ್ವೇದದ ಔಷಧಿಗೂ ಸೇರಿ. ಸಕ್ಕರೆ ಕಾಯಿಲೆ ವಾಸಿ ಆಗುತ್ತೆ, ಕ್ಯಾನ್ಸರ್ ವಾಸಿ ಆಗುತ್ತೆ ಅಂತ ಜಾಹೀರಾತು ಕೊಡೋದು 1954ರ ಇನ್ನೊಂದು ಕಾನೂನಿನಲ್ಲಿ ಅಪರಾಧ. ತರಬೇತಿ ಕೊಡೋರು ಹಂಚಿದ ಕಾಗದ ನಾನು ನೋಡಿದೆ. ಅದರಲ್ಲಿ ಆ ಎರಡೂ ಕಾಯಿಲೆ ಇದ್ದವು, ಕಾನೂನಿನ ಒಂದು ಸಾಲೂ ಇರಲಿಲ್ಲ. ಈ ಬೇರಿನ ಮೇಲೆ ಪ್ರಯೋಗಶಾಲೆಯಲ್ಲಿ, ಇಲಿಗಳ ಮೇಲೆ ಪರೀಕ್ಷೆ ಆಗಿರೋದು ನಿಜ. ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗುತ್ತೆ ಅನ್ನೋ ಹಾಗಿದ್ದರೆ ಆಸ್ಪತ್ರೆಗಳೇ ಬೇಕಾಗ್ತಿರಲಿಲ್ಲ. ಬಾಯಿ ರುಚಿಗೆ, ಹೊಟ್ಟೆ ತಂಪಿಗೆ ನಮ್ಮೋರು ತಿಂದುಕೊಂಡು ಬಂದಿದ್ದಾರೆ, ಅಷ್ಟರ ಮಟ್ಟಿಗೆ ಒಳ್ಳೇದು. ಅದನ್ನ ನಂಬಿ ಇನ್ಸುಲಿನ್ ಬಿಡೋ ಮುದುಕ ನಮ್ಮ ಓಣಿಯವನೇ ಆಗಿರ್ತಾನೆ, ಅದನ್ನ ಮರೀಬೇಡಿ.

ಹಾಗಾದರೆ ಮಾಗಳಿ ಮಾರಲೇಬಾರದಾ? ಬೆಳೆದು ಮಾರಿ ಅಂತೀನಿ. ಹಿರಿಯೂರು ಕಡೆ ಎರೆ ಭೂಮಿಯಲ್ಲಿ ಬೇಡ, ನೀರು ನಿಂತರೆ ಬೇರು ಕೊಳೆಯುತ್ತೆ. ಹೊಸದುರ್ಗ, ಹೊಳಲ್ಕೆರೆಯ ಕೆಂಪು ಗರಸು ಭೂಮಿ, ಕಲ್ಲು ಬದು, ರಾಗಿ ಕೂಡ ಸರಿಯಾಗಿ ಬರದ ಮೂಲೆ ಇರುತ್ತಲ್ಲ, ಅಲ್ಲಿ ಗುಂಡಿ ತೆಗೆದು ಹಾಕಿ. ಹಬ್ಬೋಕೆ ಬೇಲಿ ಇದ್ದರೆ ಸಾಕು. ಬೀಜವನ್ನ ಕಾಯಿ ಒಡೆಯೋ ಮುಂಚೆ ಹಿಡಿದು ಬೇಗ ಪಾಕೀಟಿಗೆ ಹಾಕಬೇಕು. ಕಡ್ಡಿ ನೆಟ್ಟರೆ ಬೇರು ಬಿಡೋದು ಕಷ್ಟ. ಮೂರು ವರ್ಷ ಮುಟ್ಟಬೇಡಿ. ಆಮೇಲೂ ಇಡೀ ಬುಡ ಕೀಳದೆ, ಒಂದು ಪಕ್ಕದ ಮಣ್ಣು ಬಿಡಿಸಿ ಎರಡು ಬೇರು ತೆಗೆದು ಮತ್ತೆ ಮಣ್ಣು ಮುಚ್ಚಿ. ಎಕರೆಗಟ್ಟಲೆ ಹಾಕೋ ಹುಚ್ಚು ಮಾತ್ರ ಬೇಡ. ಮಾಕಂದಿ ಬೇರು ಬೆಳೀರಿ, ನಾವೇ ಕೊಳ್ತೀವಿ ಅಂತ ಒಂದು ಕಂಪನಿಯೋರು ಬರೆದುಕೊಟ್ಟು, ಕೊಯ್ಲಿಗೆ ಫೋನು ಎತ್ತದೆ ಹೋದದ್ದು ನಮ್ಮ ಸುತ್ತಿನ ಊರಿನವರಿಗೆ ಗೊತ್ತಿರೋ ಕಥೆ. ಬದುವಿನಲ್ಲಿ ಇಪ್ಪತ್ತು ಮೂವತ್ತು ಬುಡ ಇದ್ದರೆ ಯಾರೂ ಕೊಳ್ಳದಿದ್ದರೂ ಉಪ್ಪಿನಕಾಯಿ ಆಗುತ್ತೆ.

ಬೆಳೆದವರು ಇನ್ನೊಂದು ಕೆಲಸ ಮಾಡಿ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಬೋರ್ಡಿನ ಮೇಲೆ ಮಾತ್ರ ಇದೆ. ವ್ಯಾಪಾರಕ್ಕೆ ಅಂತ ನಮ್ಮ ಪಂಚಾಯಿತಿ ಸರಹದ್ದಿನಿಂದ ಬೇರು, ತೊಗಟೆ ಒಯ್ಯೋರ ಹತ್ತಿರ ಶುಲ್ಕ ಹಾಕೋ ಅಧಿಕಾರ ಆ ಸಮಿತಿಗಿದೆ. 2023ರಲ್ಲಿ ಕಾಯ್ದೆ ತಿದ್ದುಪಡಿ ಆಯಿತು. ಸಾಗುವಳಿ ಮಾಡಿದ ಔಷಧಿ ಗಿಡಕ್ಕೆ ವಿನಾಯಿತಿ ಕೊಟ್ಟರು, ಆದರೆ ಸಾಗುವಳಿಯದ್ದೇ ಅನ್ನೋದಕ್ಕೆ ಮೂಲದ ಪ್ರಮಾಣಪತ್ರ ಕೊಡಬೇಕಾದ್ದು ಇದೇ ಸಮಿತಿ. ಅಂದರೆ ನಮ್ಮ ಪಂಚಾಯಿತಿಯ ಸಹಿ ಇಲ್ಲದೆ ಗುಡ್ಡದ ಬೇರನ್ನ "ಹೊಲದ್ದು" ಅಂತ ತೋರಿಸೋಕೆ ಕಂಪನಿಗೆ ದಾರಿ ಇಲ್ಲ. ಈ ಸಹಿ ಯಾರೋ ಒಬ್ಬನ ಜೇಬಿಗೆ ಹೋಗದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಸಮಿತಿ ಸದಸ್ಯರು ಯಾರು, ಕೊನೆ ಸಭೆ ಯಾವಾಗ ಆಯಿತು, ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ಮಾಗಳಿ ಹೆಸರು ಇದೆಯಾ ಅಂತ ಎದ್ದು ನಿಂತು ಕೇಳಿ. ಒಬ್ಬರೇ ಕೇಳಿದರೆ ಕೂರಿಸ್ತಾರೆ, ಐದು ಜನ ಒಟ್ಟಿಗೆ ಕೇಳಿ.

ಮೆಸೇಜು ಹಾಕಿದ ವ್ಯಾಪಾರಿಗೂ ಉತ್ತರ ಕಳಿಸಿ. ಬೇರು ಹೊಲದ್ದಾ ಗುಡ್ಡದ್ದಾ ಅಂತ ನಿಮಗೆ ಬೇಕಾ ಬೇಡವಾ, ನಿಮ್ಮ ಸೀಸೆ ಮೇಲೆ ಮಾಗಳಿ ಅಂತಲೇ ಬರೀತೀರಾ, ಲೈಸೆನ್ಸ್ ನಂಬರ್ ಕೊಡಿ ಅಂತ ಈ ಮೂರೇ ಕೇಳಿ. ನಾನು ಕೇಳಿ ಹನ್ನೆರಡು ದಿನ ಆಯಿತು. ಎರಡು ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.

ನಮ್ಮ ಬೇಲಿ ಮೇಲೆ ಎರಡು ಬಳ್ಳಿಯಲ್ಲಿ ಈ ಸಲ ಜೋಡಿ ಕಾಯಿ ಕಟ್ಟಿವೆ. ಬಲಿತ ಮೇಲೆ ಬೀಜ ಹಿಡಿದು ಇಡ್ತೀನಿ. ಕೆಂಪು ಭೂಮಿ ಇರೋರು, ನಿಜವಾಗಿ ಹಾಕೋರು ಮಾತ್ರ ಮೊದಲೇ ಹೇಳಿ, ತಲಾ ಹತ್ತು ಬೀಜದ ಮೇಲೆ ಕೊಡೋಕಾಗಲ್ಲ. ದುಡ್ಡು ಬೇಡ, ಪಾಕೀಟು ನೀವೇ ತನ್ನಿ.