ಹಾರುವ ಓತಿಯನ್ನು ಕಂಡವರಾರು?

ಪ್ರಕೃತಿಯನ್ನರಿಯಲು ಕಥೆ ಬೇಕೋ ಶಾಸ್ತ್ರ ಬೇಕೋ ಎಂದು ಕೇಳುವವರುಂಟು. ಎರಡೂ ಜತೆಗೂಡಿ ನಡೆಯಬಲ್ಲವೆಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಎಂಬ ಕಾದಂಬರಿಯೇ ಸಾಕ್ಷಿ. 1980ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ಕರ್ವಾಲೊ ಎಂಬ ವಿಜ್ಞಾನಿಯು ಹಾರುವ ಓತಿಯನ್ನರಸುತ್ತ ಮಲೆನಾಡಿನ ಕಾಡಿಗೆ ಹೊರಡುವನು. ಅದನ್ನು ಕಂಡಿದ್ದವನಾದರೋ ಪಂಡಿತನಲ್ಲ; ಜನರು ಅಪ್ರಯೋಜಕನೆಂದೆಣಿಸಿದ್ದ, ಜೇನು ಹಿಡಿಯುವ ಮಂದಣ್ಣ.

ಕಥೆಯ ಓತಿಯು ಯುಗಾಂತರಗಳ ಹಿಂದಿನ ಅಪೂರ್ವ ಜೀವಿ. ಆದರೆ ಹಾರುವ ಓತಿಯ ಒಂದು ಜಾತಿಯು ಇಂದಿಗೂ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅಡಕೆಯ ತೋಟಗಳಲ್ಲಿಯೂ ನಿಜವಾಗಿ ಜೀವಿಸಿರುವುದು. ಅದಕ್ಕೆ ಹಕ್ಕಿಯ ರೆಕ್ಕೆಯಿಲ್ಲ. ನೀಳವಾದ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿ, ತೊಗಲನ್ನು ಹರಡಿ ಹಿಡಿಯುವುವು. ಹೀಗೆ ಮರದಿಂದ ಮರಕ್ಕೆ ತೇಲುತ್ತ, ಹೆಚ್ಚಾಗಿ ಇರುವೆಗಳನ್ನೇ ತಿಂದು ಬಾಳುವುದು. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿದು, ಅವನ್ನು ಮಣ್ಣಿನಲ್ಲಿ ಹುದುಗಿಸುವುದು.

ಆದುದರಿಂದ ಅದಕ್ಕೆ ಒಂದು ಮರ ಸಾಲದು. ತೇಲಿ ಸೇರುವಷ್ಟು ದೂರದಲ್ಲಿ ಮತ್ತೊಂದು ಮರವೂ, ತೊಗಟೆಯ ಮೇಲೆ ಇರುವೆಯೂ, ಬುಡದಲ್ಲಿ ಮಣ್ಣೂ ಬೇಕು. ಮರವನ್ನು ಕಡಿದರೂ, ಇರುವೆಗೆಂದು ಮದ್ದು ಸಿಂಪಡಿಸಿದರೂ ನಷ್ಟ ಅದಕ್ಕೇ. ಆದರೆ ತೊಗಟೆಯ ಬಣ್ಣದಲ್ಲಿಯೇ ಅಡಗಿರುವ ಈ ಪ್ರಾಣಿಯು ತೋಟದ ಯಜಮಾನನ ಕಣ್ಣಿಗೆ ಬೀಳುವುದೇ ಅಪರೂಪ. ಕಾಣದ ಜೀವವನ್ನು ಕಾಪಾಡುವವರಾರು?

ಕರ್ವಾಲೊನ ಹಿರಿಮೆಯೆಂದರೆ, ಮಂದಣ್ಣನ ಮಾತನ್ನು ಆತನು ಹಗುರವಾಗಿ ಕಾಣಲಿಲ್ಲ. ವಾಚಕರೇ, ದಿನವಿಡೀ ಮರದ ಕೆಳಗೆ ದುಡಿಯುವ ಆಳಾಗಲಿ, ಆಡುವ ಮಗುವಾಗಲಿ “ವಿಚಿತ್ರವಾದುದೊಂದನ್ನು ಕಂಡೆ” ಎಂದು ಓಡಿ ಬಂದರೆ ನಗದಿರೋಣ, “ಎಲ್ಲಿ? ತೋರಿಸು” ಎಂದು ಜತೆಗೆ ಹೋಗೋಣ.